ಚುಕ್ಕಿಗೆ ಜ್ವರ, ನನಗೆ ಪರೀಕ್ಷೆ

ಚುಕ್ಕಿ ಊಟ ಬಿಟ್ಟಳು ಅಂದರೆ ನಮ್ಮ ಮನೆಯಲ್ಲಿ ಸಣ್ಣ ವಿಷಯ ಅಲ್ಲ. ತಟ್ಟೆ ನೆಲಕ್ಕೆ ತಾಗುವ ಮೊದಲೇ ಅರ್ಧ ಖಾಲಿ ಮಾಡುವ ನಾಯಿ ಅವಳು. ಅಂಥವಳು ಒಂದು ಸೋಮವಾರ ರಾತ್ರಿ ತಟ್ಟೆ ಮೂಸಿದಳು, ನನ್ನ ಮುಖ ಒಮ್ಮೆ ನೋಡಿದಳು, ಹೋಗಿ ಬಾಗಿಲ ಹಿಂದೆ ತನ್ನ ಮಾಮೂಲಿ ಜಾಗದಲ್ಲಿ ಮಲಗಿಬಿಟ್ಟಳು. (ನಾಯಿಗೆ ‘ಅವಳು’ ಅಂತ ಬರೀತಾಳಲ್ಲ ಅಂತ ನಗುವವರು ನಗಲಿ. ಆರು ವರ್ಷ ಜೊತೆಗಿದ್ದವಳನ್ನು ‘ಅದು’ ಅಂತ ಬರೆಯೋಕೆ ನನ್ನ ಕೈ ಬರಲ್ಲ.)

ನಾನೇನು ಮಾಡಿದೆ? ಮೂಗು ಮುಟ್ಟಿ ನೋಡಿದೆ. ತಣ್ಣಗೆ ಒದ್ದೆಯಾಗಿತ್ತು. ಜ್ವರ ಇಲ್ಲ ಬಿಡು ಅಂದುಕೊಂಡೆ. ಮಂಗಳವಾರವೂ ತಿನ್ನಲಿಲ್ಲ. ಬಿಸಿಲು ಜಾಸ್ತಿ, ಹೊಟ್ಟೆ ಕೆಟ್ಟಿರಬಹುದು, ಒಂದು ದಿನ ಉಪವಾಸ ಇದ್ದರೆ ತಾನೇ ಸರಿಹೋಗುತ್ತಾಳೆ. ಹೀಗೆ ನನಗೆ ನಾನೇ ಸಮಾಧಾನ ಹೇಳಿಕೊಳ್ಳುವುದರಲ್ಲಿ ನಾನು ಬಹಳ ಗಟ್ಟಿ. ಬುಧವಾರ ಬೆಳಗ್ಗೆ ಮೊಳೆಯಿಂದ ಚೈನು ತೆಗೆದೆ. ಆ ಶಬ್ದ ಕೇಳಿದರೆ ಎಂಥ ನಿದ್ದೆಯಲ್ಲಿದ್ದರೂ ಎದ್ದು ಕುಣಿಯುವವಳು ಅವತ್ತು ಕಣ್ಣು ಮಾತ್ರ ಬಿಟ್ಟಳು, ಬಾಲದ ತುದಿಯನ್ನು ಎರಡು ಸಲ ನೆಲಕ್ಕೆ ಬಡಿದಳು, ಅಷ್ಟೇ. ಆಗ ನನ್ನ ಎದೆ ಧಸಕ್ ಅಂದಿತು.

ಗಾಬರಿಯಲ್ಲಿ ಔಷಧಿ ಡಬ್ಬ ತೆಗೆದು ಪ್ಯಾರಾಸಿಟಮಾಲ್ ಕೈಗೆ ತೆಗೆದುಕೊಂಡಿದ್ದೆ. ಮಕ್ಕಳಿಗೆ ಅರ್ಧ ಮಾತ್ರೆ ಕೊಡ್ತೀವಲ್ಲ, ಇವಳಿಗೂ ಅರ್ಧ ಕೊಟ್ಟರಾಯಿತು ಅಂತ. ಪುಣ್ಯಕ್ಕೆ ಅದಕ್ಕೂ ಮೊದಲು ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಂದ ಮೊದಲ ಮಾತೇ “ಮನುಷ್ಯರ ಮಾತ್ರೆ ಏನೂ ಕೊಟ್ಟಿಲ್ಲ ತಾನೇ?” ಅಂತ. ಎಷ್ಟು ಜನ ಕೊಟ್ಟಿರುತ್ತಾರೋ ಏನೋ, ಅದಕ್ಕೇ ಆ ಪ್ರಶ್ನೆ ಬಾಯಿಪಾಠ ಆಗಿಬಿಟ್ಟಿದೆ ಅನ್ನಿಸಿತು. ಪ್ಯಾರಾಸಿಟಮಾಲ್ ಪ್ರಮಾಣ ತಪ್ಪಿದರೆ ನಾಯಿಯ ಲಿವರ್ ಹಾಳಾಗುತ್ತದೆ, ಬೆಕ್ಕಿಗಂತೂ ಒಂದೇ ಮಾತ್ರೆ ಸಾಕು ಪ್ರಾಣ ಹೋಗೋಕೆ. ನೋವಿನ ಮಾತ್ರೆ ಐಬುಪ್ರೊಫೆನ್ ನಾಯಿಯ ಹೊಟ್ಟೆಯೊಳಗೆ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ನಮ್ಮ ಚುಕ್ಕಿಗೆ ಅವತ್ತು ಇದ್ದ ಪರಿಸ್ಥಿತಿಯಲ್ಲಿ ಅದು ಇನ್ನೂ ಅಪಾಯ ಆಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಸ್ಟ್ರಿಪ್ಪನ್ನು ವಾಪಸ್ ಡಬ್ಬಕ್ಕೆ ಹಾಕಿದೆ.

ಅವಳು ನಡೆಯುವ ಸ್ಥಿತಿಯಲ್ಲಿ ಇರಲಿಲ್ಲ. 18 ಕಿಲೋ ನಾಯಿಯನ್ನು ಎತ್ತುವುದು ಸುಲಭ ಅಲ್ಲ, ಅದರಲ್ಲೂ ಅವಳು ಮೈ ಬಿಟ್ಟುಕೊಂಡಿದ್ದಳು. ಹಳೇ ಬೆಡ್‌ಶೀಟ್ ಹಾಸಿ, ಅದರ ಮೇಲೆ ಅವಳನ್ನು ಸರಿಸಿ, ನಾನೊಂದು ಕಡೆ ನಮ್ಮ ಮನೆಯವರೊಂದು ಕಡೆ ಹಿಡಿದು ಕಾರಿಗೆ ಹಾಕಿದೆವು. ಶಾಲೆಗೆ ರಜೆ ಇದ್ದಿದ್ದರಿಂದ ಮಗಳೂ ಬಂದಳು. ಅವಳಿಗೆ ಒಂಬತ್ತು ವರ್ಷ. ಕರ್ಕೊಂಡು ಹೋಗೋದು ಬೇಡ ಅಂತಲೇ ನಾನು ಅಂದಿದ್ದು. ಆ ಮಾತು ನೆನಪಿಟ್ಟುಕೊಳ್ಳಿ.

ಕ್ಲಿನಿಕ್ಕಿನಲ್ಲಿ ನಮ್ಮ ಪಕ್ಕದ ಬೆಂಚಿನ ಮೇಲೆ ಬುಟ್ಟಿಯಲ್ಲಿ ಒಂದು ಬೆಕ್ಕಿತ್ತು. ಒಂದು ಗೇಣು ದೂರ. ಚುಕ್ಕಿ ತಲೆ ಎತ್ತಿ ಕೂಡ ನೋಡಲಿಲ್ಲ. ಊಟ ಬಿಟ್ಟಿದ್ದಕ್ಕಿಂತ ಅದೇ ನನಗೆ ಜಾಸ್ತಿ ಹೆದರಿಕೆ ಆಗಿದ್ದು.

ಒಳಗೆ ಹೋದಾಗ ಡಾಕ್ಟರು ತಕ್ಷಣ ಅವಳನ್ನು ಮುಟ್ಟಲಿಲ್ಲ. ಒಂದು ನಿಮಿಷ ಸುಮ್ನೆ ನೋಡಿದರು. ಹೇಗೆ ನಿಲ್ಲುತ್ತಾಳೆ, ಹೇಗೆ ಉಸಿರಾಡುತ್ತಾಳೆ, ತಲೆ ಎಲ್ಲಿ ಇಟ್ಟಿದ್ದಾಳೆ. ಆಮೇಲೆ ಸ್ಟೀಲ್ ಟೇಬಲ್ ಮೇಲೆ ಹತ್ತಿಸಿದೆವು. ಅವಳು ಒಂದು ಹೆಜ್ಜೆ ಸರಿದಾಗ ಟೇಬಲ್ ಮೇಲೆ ಅವಳ ಪಾದದ ಅಚ್ಚು ಒದ್ದೆಯಾಗಿ ಉಳಿಯಿತು. ನೀರು ತುಳಿದಿದ್ದಾಳಾ ಅಂದುಕೊಂಡೆ. ಅಲ್ಲ, ಬೆವರು. ನಾಯಿ ಬೆವರುವುದು ಪಾದದಲ್ಲಿ ಮಾತ್ರ ಅನ್ನಬಹುದು, ಹೆದರಿದಾಗ ಅದು ಹೀಗೆ ಕಾಣುತ್ತದಂತೆ. ಆರು ವರ್ಷದಲ್ಲಿ ನಾನು ಒಂದು ದಿನವೂ ನೋಡಿರಲಿಲ್ಲ. ಅಚ್ಚು ನಿಧಾನಕ್ಕೆ ಆರುತ್ತಾ ಬಂತು, ಅವಳು ಇನ್ನೊಂದು ಹೆಜ್ಜೆ ಇಟ್ಟಳು, ಇನ್ನೊಂದು ಅಚ್ಚು.

ಇನ್ನು ಶುರುವಾಯಿತು ನೋಡಿ ನನ್ನ ಪರೀಕ್ಷೆ.

“ಊಟ ಯಾವಾಗಿಂದ ಬಿಟ್ಟಿದ್ದಾಳೆ?”

“ಸೋಮವಾರ ರಾತ್ರಿಯಿಂದ.” ಇದೊಂದು ಗೊತ್ತಿತ್ತು.

“ಅವತ್ತೇ ಪೂರ್ತಿ ಬಿಟ್ಟಳಾ, ಅದಕ್ಕೂ ಮುಂಚೆ ಕಡಿಮೆ ಆಗಿತ್ತಾ?”

“ಅದು... ಸ್ವಲ್ಪ ಕಡಿಮೆ ಆಗಿತ್ತು ಅನ್ಸುತ್ತೆ.”

“ನೀರು ಎಷ್ಟು ಕುಡೀತಿದ್ದಾಳೆ? ಜಾಸ್ತಿನಾ, ಕಡಿಮೆನಾ?”

ಬಟ್ಟಲು ತುಂಬಿಸುವುದು ನಾನೇ. ಎಷ್ಟು ಖಾಲಿಯಾಗಿತ್ತು ಅಂತ ನೋಡಿದವಳಲ್ಲ.

“ಮೂತ್ರ ಯಾವ ಬಣ್ಣ? ಮಲ ಕಪ್ಪಗೆ ಹೋಗಿತ್ತಾ? ವಾಂತಿ? ಕೊನೇ ಸಲ ಉಣ್ಣೆ ಹುಳಕ್ಕೆ ಮದ್ದು ಹಾಕಿದ್ದು ಯಾವ ತಾರೀಕು?”

ಓದದೇ ಪರೀಕ್ಷೆಗೆ ಹೋಗಿ ಕೂತ ಹುಡುಗಿಯ ಹಾಗೆ ನಾನು ಟೇಬಲ್ಲಿನ ಅಂಚು ನೋಡುತ್ತಾ ನಿಂತಿದ್ದೆ. ಲಸಿಕೆ ಪುಸ್ತಕ ಮಾತ್ರ ಕೈಯಲ್ಲಿತ್ತು, ಅದೊಂದು ಮಾನ ಉಳಿಸಿತು. ಡಾಕ್ಟರು ಬೈಯಲಿಲ್ಲ. ಆದರೆ ಈ ಪ್ರಶ್ನೆಗಳನ್ನು ಸುಮ್ನೆ ಕೇಳುವುದಲ್ಲ ಅಂತ ನನಗೆ ಆಮೇಲೆ ಅರ್ಥವಾಯಿತು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಕೆಂಪು ರಕ್ತಕಣ ಒಡೆಯುತ್ತಿರಬಹುದು, ಅದೊಂದು ದಾರಿ. ಮಲ ಡಾಂಬರಿನ ಹಾಗೆ ಕಪ್ಪಗಿದ್ದರೆ ಹೊಟ್ಟೆಯೊಳಗೆ ರಕ್ತ ಹೋಗುತ್ತಿರಬಹುದು, ಅದು ಇನ್ನೊಂದು. ನೀರು ವಿಪರೀತ ಕುಡಿಯುತ್ತಿದ್ದರೆ ಕಿಡ್ನಿ, ಸಕ್ಕರೆ ಕಾಯಿಲೆ, ಹೆಣ್ಣು ನಾಯಿಯಾದರೆ ಗರ್ಭಕೋಶದಲ್ಲಿ ಕೀವು, ಹೀಗೆ ಬೇರೆ ಕಡೆಗೇ ಹೋಗುತ್ತದೆ. ನಾಯಿಗೆ ಬಾಯಿ ಬರಲ್ಲ. ಅವಳ ಬದಲು ಹೇಳಬೇಕಾದವಳು ನಾನು, ನನಗೆ ಬಾಯಿದ್ದೂ ಹೇಳೋಕೆ ಏನೂ ಇರಲಿಲ್ಲ.

“ಮೈಮೇಲೆ ಎಲ್ಲಾದರೂ ಕೆಂಪು ಚುಕ್ಕೆ ನೋಡಿದ್ರಾ?”

“ಇಲ್ಲ ಡಾಕ್ಟ್ರೇ” ಅಂದೆ. ಈ ಸಲ ಧೈರ್ಯವಾಗಿ.

ಹಿಂದಿನಿಂದ ಮಗಳ ದನಿ ಬಂತು. “ಇತ್ತಲ್ಲಮ್ಮ. ನಾನು ಹೇಳಿದ್ನಲ್ಲ.”

ಹೇಳಿದ್ದಳು. ಭಾನುವಾರ ಮಧ್ಯಾಹ್ನ ಚುಕ್ಕಿ ಅಂಗಾತ ಮಲಗಿದ್ದಾಗ ಹೊಟ್ಟೆ ಕೆರೆಯುತ್ತಾ ಕೂತಿದ್ದವಳು, “ಅಮ್ಮಾ, ಚುಕ್ಕಿ ಹೊಟ್ಟೆ ಮೇಲೆ ಯಾರೋ ಕೆಂಪು ಪೆನ್ನಲ್ಲಿ ಚುಕ್ಕೆ ಇಟ್ಟಿದ್ದಾರೆ” ಅಂತ ಕೂಗಿದ್ದಳು. ನಾನು ಮೊಬೈಲಿನಿಂದ ಕಣ್ಣು ತೆಗೆಯದೆ “ಸೊಳ್ಳೆ ಕಚ್ಚಿರುತ್ತೆ ಬಿಡೇ” ಅಂದಿದ್ದೆ.

ಡಾಕ್ಟರು ಪ್ರಶ್ನೆ ಕೇಳುವುದನ್ನು ನನ್ನಿಂದ ಅವಳಿಗೆ ವರ್ಗ ಮಾಡಿದರು. “ಆ ಚುಕ್ಕೆ ಬೆರಳಲ್ಲಿ ಒತ್ತಿದ್ಯಾ ಪುಟ್ಟಾ? ಒತ್ತಿದ್ರೆ ಮಾಯ ಆಯ್ತಾ, ಹಾಗೇ ಇತ್ತಾ?”

“ಹಾಗೇ ಇತ್ತು. ಉಜ್ಜಿ ನೋಡಿದೆ, ಎಂಜಲು ಹಚ್ಚಿ ಕೂಡ ಉಜ್ಜಿದೆ. ಹೋಗ್ಲಿಲ್ಲ.”

ಡಾಕ್ಟರು ಚುಕ್ಕಿಯನ್ನು ಪಕ್ಕಕ್ಕೆ ಮಲಗಿಸಿ ಹಿಂಗಾಲು ಎತ್ತಿ ನೋಡಿದರು. ಕೂದಲು ಕಡಿಮೆ ಇರುವ ಒಳತೊಡೆಯಲ್ಲಿ, ಕೆಳಹೊಟ್ಟೆಯಲ್ಲಿ, ಸೂಜಿಮೊನೆ ಗಾತ್ರದ ಕೆಂಪು ಚುಕ್ಕೆಗಳು. ಹತ್ತಿಪ್ಪತ್ತು ಇರಬಹುದು. ಸೊಳ್ಳೆ ಕಚ್ಚಿದ್ದಾದರೆ ಉಬ್ಬಿರುತ್ತದೆ, ಒತ್ತಿದರೆ ಬಿಳಿಚಿಕೊಂಡು ಮತ್ತೆ ಕೆಂಪಾಗುತ್ತದೆ. ಇದು ಚರ್ಮದ ಕೆಳಗೆ ರಕ್ತ ಜಿನುಗಿದ್ದು, ಒತ್ತಿದರೂ ಹೋಗಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ತುಂಬಾ ಇಳಿದಾಗ ಹೀಗಾಗುತ್ತದೆ.

ಅಲ್ಲಿಂದ ಕೆಲಸ ಚುರುಕಾಯಿತು. ಥರ್ಮಾಮೀಟರನ್ನು ಬಾಲದ ಕೆಳಗೆ ಇಟ್ಟು ನೋಡಿದರೆ 104.2 ಡಿಗ್ರಿ. ಇಲ್ಲಿ ಒಂದು ಮಾತು. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಅವಕ್ಕೆ ಮಾಮೂಲಿ. ನಮ್ಮ ಲೆಕ್ಕದಲ್ಲಿ ಜ್ವರ ಅನ್ನಿಸುವುದು ಅವುಗಳ ಲೆಕ್ಕದಲ್ಲಿ ಆರೋಗ್ಯ. ಮತ್ತೆ ಮೂಗು ಒದ್ದೆ ಇದ್ದರೆ ಜ್ವರ ಇಲ್ಲ ಅನ್ನುವುದು ಶುದ್ಧ ಸುಳ್ಳು, ಅದನ್ನು ನಾನು ಎಷ್ಟು ಜನಕ್ಕೆ ಉಪದೇಶ ಮಾಡಿದ್ದೇನೋ ಲೆಕ್ಕವಿಲ್ಲ. ತುಟಿ ಎತ್ತಿ ಒಸಡು ಒತ್ತಿದರು. ಬೆರಳು ತೆಗೆದ ಮೇಲೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ಬರಬೇಕು. ಚುಕ್ಕಿಯ ಒಸಡು ಒತ್ತುವ ಮೊದಲೇ ಪೇಲವವಾಗಿತ್ತು. ಹೆಗಲ ಮೇಲಿನ ಚರ್ಮ ಎತ್ತಿ ಬಿಟ್ಟರು, ಅದು ತಟ್ಟನೆ ಕೂರದೆ ನಿಧಾನಕ್ಕೆ ಇಳಿಯಿತು. ಮೈಯಲ್ಲಿ ನೀರು ಸಾಲದು ಅಂತ ಅರ್ಥ. ದವಡೆಯ ಕೆಳಗೆ, ಹೆಗಲ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಗಂಟುಗಳು ಊದಿದ್ದವು. ನನ್ನ ಕೈ ಹಿಡಿದು ಅಲ್ಲಿಟ್ಟು ತೋರಿಸಿದರು. ದಿನಾ ಸವರುವ ಕುತ್ತಿಗೆಯೇ ಅದು.

ರಕ್ತ ತೆಗೆದಿದ್ದು ಮುಂಗಾಲಿನಿಂದ. ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿಯಲು ನನಗೆ ಕೊಟ್ಟರು. “ಐದು ನಿಮಿಷ ಬಿಡಬೇಡಿ” ಅಂದರು. ಬೇರೆ ನಾಯಿಯಾದರೆ ಅಷ್ಟು ಹೊತ್ತು ಬೇಕಿಲ್ಲ. ಐದು ನಿಮಿಷ ಕಳೆದು ಬೆರಳು ಸಡಿಲಿಸಿದರೆ ಮತ್ತೆ ಒಂದು ಹನಿ ಮೂಡಿತು. ಮತ್ತೆ ಒತ್ತಿ ಹಿಡಿದೆ.

ಪ್ಲೇಟ್‌ಲೆಟ್ 38 ಸಾವಿರ ಬಂತು. ಆರೋಗ್ಯವಂತ ನಾಯಿಗೆ ಹೆಚ್ಚುಕಡಿಮೆ 2 ಲಕ್ಷದಿಂದ 5 ಲಕ್ಷ ಇರಬೇಕು. ಕೆಲವೊಮ್ಮೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಂಡು ಯಂತ್ರ ತಪ್ಪು ಲೆಕ್ಕ ಕೊಡುತ್ತದಂತೆ, ಅದಕ್ಕೆ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲೂ ನೋಡಿದರು. ನಿಜಕ್ಕೂ ಕಡಿಮೆಯೇ. ಆಮೇಲೆ ಒಂದು ಪುಟ್ಟ ಕಿಟ್‌ನಲ್ಲಿ ಪರೀಕ್ಷೆ. ಅದರಲ್ಲಿ ಎರ್ಲಿಕಿಯಾ ಪಾಸಿಟಿವ್ ಅಂತ ಬಂತು. ಎಲ್ಲರೂ ಟಿಕ್ ಫೀವರ್, ಅಂದರೆ ಉಣ್ಣೆ ಕಚ್ಚಿ ಬರುವ ಜ್ವರ, ಅನ್ನುವುದು ಇದಕ್ಕೇ. ಅಸಲಿಗೆ ಆ ಹೆಸರಿನಡಿ ಒಂದಲ್ಲ, ಎರಡು ಮೂರು ಕಾಯಿಲೆ ಇವೆ. ಎರ್ಲಿಕಿಯಾ ಒಂದು ಬ್ಯಾಕ್ಟೀರಿಯಾ, ಬಿಳಿ ರಕ್ತಕಣದೊಳಗೆ ಮನೆ ಮಾಡುತ್ತದೆ. ಬೆಬೀಸಿಯಾ ಅನ್ನುವುದು ಬೇರೆಯದೇ ಪರಾವಲಂಬಿ, ಕೆಂಪು ಕಣಕ್ಕೆ ಹೊಕ್ಕು ಅದನ್ನು ಒಡೆಯುತ್ತದೆ. ಮೂತ್ರದ ಬಣ್ಣ ಕೇಳಿದ್ದು ಅದಕ್ಕೇ. ಎರಡಕ್ಕೂ ಔಷಧಿ ಬೇರೆ ಬೇರೆ, ಎರಡೂ ಒಟ್ಟಿಗೆ ಬರುವುದೂ ಉಂಟು. ಪಕ್ಕದ ಮನೆಯ ನಾಯಿಗೆ ಕೊಟ್ಟ ಮಾತ್ರೆ ತಂದು ನಮ್ಮ ನಾಯಿಗೂ ಹಾಕುವವರಿಗೆ ಇದೊಂದು ಗೊತ್ತಿದ್ದರೆ ಸಾಕಿತ್ತು.

ಡ್ರಿಪ್ ಹಾಕಿದರು, ಇಂಜೆಕ್ಷನ್ ಕೊಟ್ಟರು, 28 ದಿನಕ್ಕೆ ಡಾಕ್ಸಿಸೈಕ್ಲಿನ್ ಬರೆದರು. ದಿನಕ್ಕೊಂದು ಸಲ, ಊಟದ ಜೊತೆ. ಹಾಲಿನ ಜೊತೆ ಮಾತ್ರ ಕೂಡದು, ಹಾಲಿನ ಕ್ಯಾಲ್ಸಿಯಂ ಈ ಔಷಧಿಯನ್ನು ಹಿಡಿದಿಟ್ಟುಕೊಂಡು ಮೈಗೆ ಸೇರಲು ಬಿಡಲ್ಲ. ಇನ್ನೊಂದು ಮಾತನ್ನು ಡಾಕ್ಟರು ಎರಡು ಸಲ ಹೇಳಿದರು. ಎರಡೇ ದಿನದಲ್ಲಿ ನಾಯಿ ಎದ್ದು ಓಡಾಡುತ್ತದೆ, ಆಗ ಜನ ಮಾತ್ರೆ ನಿಲ್ಲಿಸುತ್ತಾರೆ, ನಿಲ್ಲಿಸಬೇಡಿ. ಹೊರಗೆ ಚೆನ್ನಾಗಿ ಕಂಡರೂ ಕಾಯಿಲೆ ಒಳಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಡಗಿ ಕೂತು, ಕೊನೆಗೆ ಮೂಳೆಯ ಮಜ್ಜೆಗೇ ಕೈ ಹಾಕಬಹುದಂತೆ. ಆಗ ಉಳಿಸುವುದು ಕಷ್ಟ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಓದುತ್ತಾ ಕೂತೆ. ಈ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1935ರಲ್ಲಿ, ಅಲ್ಜೀರಿಯಾದಲ್ಲಿ. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ ಅಮೆರಿಕದ ಸೇನೆಯ ನಾಯಿಗಳು, ಅದರಲ್ಲೂ ಜರ್ಮನ್ ಶೆಫರ್ಡ್‌ಗಳು, ಇದೇ ಕಾಯಿಲೆಯಿಂದ ಮೂಗಲ್ಲಿ ರಕ್ತ ಸೋರಿ, ಸೊರಗಿ ಸತ್ತಿದ್ದವಂತೆ. ಅಲ್ಲಿಯವರೆಗೆ ಓದಿ ಮೊಬೈಲ್ ಮುಚ್ಚಿಟ್ಟೆ. ಟಾರ್ಚ್ ಹಿಡಿದು ಹೋಗಿ ಅವಳ ಮೂಗು ನೋಡಿದೆ. ಒಣಗಿತ್ತು, ರಕ್ತ ಇರಲಿಲ್ಲ. ನಿದ್ದೆಯಲ್ಲಿ ಉಸಿರು ಎಣಿಸಿದೆ, ನಿಮಿಷಕ್ಕೆ 26. ನಿದ್ದೆಯಲ್ಲಿ 30ಕ್ಕಿಂತ ಕಡಿಮೆ ಇದ್ದರೆ ಪರವಾಗಿಲ್ಲ ಅಂದಿದ್ದರು. ಮೂರು ಸಲ ಎಣಿಸಿದೆ.

ಟಾರ್ಚ್ ಕೈಯಲ್ಲೇ ಇತ್ತಲ್ಲ, ಸುಮ್ನೆ ಅವಳು ಮಲಗುವ ಜಾಗದ ಗೋಡೆಗೂ ಬಿಟ್ಟೆ. ಬಾಗಿಲ ಚೌಕಟ್ಟಿಗೂ ಗೋಡೆಗೂ ನಡುವೆ ಒಂದು ಸೀಳು ಇದೆ, ನಾಣ್ಯ ತೂರುವಷ್ಟು. ಅದರೊಳಗೆ ಸಾಲಾಗಿ ಕೂತಿದ್ದವು. ಚಪ್ಪಟೆಯಾಗಿ, ಕಂದು ಬಣ್ಣಕ್ಕೆ, ಎಳ್ಳು ಒತ್ತಿಟ್ಟ ಹಾಗೆ. ಒಂದು ಮಾತ್ರ ರಕ್ತ ಕುಡಿದು ಬೂದು ಬಣ್ಣದ ಕಾಳಿನ ಹಾಗೆ ಊದಿತ್ತು. ಉಣ್ಣೆ ನಾಯಿಯ ಮೈಮೇಲೇ ಇರುತ್ತದೆ, ಕಿತ್ತು ಹಾಕಿದರೆ ಮುಗಿಯಿತು ಅಂತ ನಾನು ತಿಳಿದಿದ್ದೆ. ಅದರ ಬದುಕಿನ ಬಹುಪಾಲು ಕಳೆಯುವುದು ನಾಯಿಯ ಮೇಲಲ್ಲ, ಹೀಗೆ ಗೋಡೆಯ ಸಂದಿಯಲ್ಲಿ. ಮರಿಯಾಗಿ ಒಮ್ಮೆ, ಬೆಳೆಯುವಾಗ ಒಮ್ಮೆ, ದೊಡ್ಡದಾದ ಮೇಲೆ ಒಮ್ಮೆ, ಮೂರು ಸಲ ಊಟಕ್ಕೆ ಹತ್ತುತ್ತದೆ, ಮೂರು ಸಲವೂ ಇಳಿದು ಬರುತ್ತದೆ. ಊಟ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ. ಒಂದು ಹೆಣ್ಣು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾನು ದಿನಾ ಗುಡಿಸುವ ಮನೆ ಇದು ಅಂತ ಹೇಳಿಕೊಳ್ಳೋಕೆ ನಾಚಿಕೆ ಆಗುತ್ತದೆ.

ಮರುದಿನ ಸೀಳುಗಳಿಗೆಲ್ಲ ಮದ್ದು ಹೊಡೆಸಿ, ಚುಕ್ಕಿಯನ್ನು ಪೂರ್ತಿ ದಿನ ಬೇರೆ ಕೋಣೆಯಲ್ಲಿಟ್ಟು, ಆಮೇಲೆ ಸಿಮೆಂಟ್ ಮೆತ್ತಿಸಿದೆವು. ಅವಳ ಹಾಸಿಗೆಯ ಬಟ್ಟೆ ಕುದಿಯುವ ನೀರಿಗೆ ಹೋಯಿತು. ಮೈಮೇಲಿನ ಉಣ್ಣೆಗೆ ಡಾಕ್ಟರು ಅಗಿಯುವ ಮಾತ್ರೆ ಕೊಟ್ಟಿದ್ದರು. ಈ ಕಾಯಿಲೆಗೆ ಲಸಿಕೆ ಇಲ್ಲ, ಒಮ್ಮೆ ಬಂದು ಹೋದರೆ ಮತ್ತೆ ಬರಲ್ಲ ಅನ್ನುವ ಗ್ಯಾರಂಟಿಯೂ ಇಲ್ಲ. ಹಾಗಾಗಿ ಆ ಮಾತ್ರೆಯ ತಾರೀಕು ತಪ್ಪಿಸುವ ಹಾಗಿಲ್ಲ. (ಯಾರಾದರೂ ಬೆಂಕಿಕಡ್ಡಿ ತಾಗಿಸಿ ಉಣ್ಣೆ ಬಿಡಿಸಿ ಅಂದರೆ ದಯವಿಟ್ಟು ಕೇಳಬೇಡಿ. ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದರೆ ಬರುತ್ತದೆ. ಉಗುರಲ್ಲಿ ಕುಟ್ಟಿ ಸಾಯಿಸುವುದೂ ಬೇಡ.)

ಮಾತ್ರೆ ಕೊಡುವ ಜವಾಬ್ದಾರಿ ನಮ್ಮ ಮನೆಯವರದು. ಅವರಿಗೊಂದು ಕೈಚಳಕ ಇದೆ. ಮೇಲ್ದವಡೆ ಹಿಡಿದು ತಲೆ ಎತ್ತಿ, ನಾಲಿಗೆಯ ಹಿಂದಕ್ಕೆ ಮಾತ್ರೆ ಹಾಕಿ, ಬಾಯಿ ಮುಚ್ಚಿ ಗಂಟಲು ನೇವರಿಸುತ್ತಾರೆ. ಅವಳು ಮೂಗು ನೆಕ್ಕಿಕೊಂಡರೆ ನುಂಗಿದಳು ಅಂತ ಲೆಕ್ಕ. ಮೇಲೆ ಸ್ವಲ್ಪ ನೀರು.

ಮಗಳು ಒಂದು ನೋಟ್‌ಬುಕ್ ಮಾಡಿದಳು. ಯಾರೂ ಹೇಳಿಕೊಟ್ಟಿದ್ದಲ್ಲ, ಡಾಕ್ಟರ್ ಕೇಳಿದ ಪ್ರಶ್ನೆಗಳನ್ನೆಲ್ಲ ನೆನಪಿಟ್ಟುಕೊಂಡು ತಾನೇ ಸ್ಕೇಲ್ ಇಟ್ಟು ಗೆರೆ ಎಳೆದಿದ್ದಳು. ತಾರೀಕು, ಊಟ, ನೀರು, ಉಚ್ಚೆಯ ಬಣ್ಣ, ಕಕ್ಕ, ಚುಕ್ಕೆ ಎಷ್ಟು, ಮಾತ್ರೆ ಕೊಟ್ಟವರು ಯಾರು. ಮೊದಲ ದಿನದ ಎದುರು “ನೀರು ಅರ್ಧ ಬಟ್ಟಲು, ಊಟ ಇಲ್ಲ, ಚುಕ್ಕೆ 23.” ಎರಡನೇ ದಿನ “ಊಟ 4 ತುತ್ತು, ನನ್ನ ಕೈಯಿಂದ.” ಮೂರನೇ ದಿನ “ಚೈನು ತೆಗೆದಾಗ ಎದ್ದಳು.” ಹತ್ತನೇ ದಿನದ ಹೊತ್ತಿಗೆ ಚುಕ್ಕೆಯ ಕಾಲಮ್ಮಿನಲ್ಲಿ ಸೊನ್ನೆ. ಎರಡು ವಾರಕ್ಕೆ ಮತ್ತೆ ರಕ್ತ ಪರೀಕ್ಷೆಗೆ ಹೋದಾಗ ಪ್ಲೇಟ್‌ಲೆಟ್ 1 ಲಕ್ಷ 90 ಸಾವಿರಕ್ಕೆ ಬಂದಿತ್ತು. ಡಾಕ್ಟರು ನನ್ನನ್ನು ಏನೂ ಕೇಳಲಿಲ್ಲ. ನೋಟ್‌ಬುಕ್ ಇಸಿದುಕೊಂಡು ಓದಿದರು. ನಾನು ಚೈನು ಹಿಡಿದು ನಿಂತಿದ್ದೆ, ಚುಕ್ಕಿ ಬಾಗಿಲ ಕಡೆಗೆ ಎಳೆಯುತ್ತಿದ್ದಳು.

ಎಲ್ಲ ಕಾಯಿಲೆಗೂ ಹೀಗೆ ಎರಡು ದಿನ ಕಾಯುವ ಅವಕಾಶ ಇರಲ್ಲ, ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಹೊಟ್ಟೆ ಡೋಲಿನ ಹಾಗೆ ಊದಿ, ವಾಂತಿಗೆ ಒತ್ತುತ್ತಿದ್ದರೂ ಏನೂ ಬರದಿದ್ದರೆ ಒಂದು ಗಂಟೆಯೂ ಕಾಯಬೇಡಿ. ಒಸಡು ಬೆಳ್ಳಗೋ ನೀಲಿಗೋ ತಿರುಗಿದರೆ, ಮೂತ್ರ ಕಟ್ಟಿದರೆ, ಫಿಟ್ಸ್ ನಿಲ್ಲದೆ ಬಂದರೆ, ಆಗಲೂ ಅಷ್ಟೇ. ಮರಿಗಳಿಗೆ ವಾಂತಿ ಭೇದಿ ಶುರುವಾದರೆ ಬೆಳಗಾಗಲಿ ಅನ್ನಬೇಡಿ. ಹೋಗುವಾಗ ವಾಂತಿಯ ಫೋಟೋ, ವಿಚಿತ್ರವಾಗಿ ನಡೆಯುತ್ತಿದ್ದರೆ ಅದರ ವಿಡಿಯೋ ತೆಗೆದುಕೊಂಡು ಹೋಗಿ. ಮನೆಯಲ್ಲಿ ಕುಂಟುವ ನಾಯಿ ಕ್ಲಿನಿಕ್ಕಿನ ಬಾಗಿಲಲ್ಲಿ ನೆಟ್ಟಗೆ ನಡೆದು ನಮ್ಮ ಮರ್ಯಾದೆ ತೆಗೆಯುವುದು ಸಾಮಾನ್ಯ ಅಲ್ವಾ.

28ನೇ ದಿನ ಕೊನೆಯ ಮಾತ್ರೆ ಮುಗಿಯಿತು ಅಂತ ಖುಷಿಯಲ್ಲಿ ಬಾಗಿಲ ಹಿಂದಿನ ಅವಳ ಹಾಸಿಗೆ ಎತ್ತಿ ಗುಡಿಸುತ್ತಿದ್ದೆ. ಪೊರಕೆಗೆ ಏನೋ ಉರುಳಿ ಬಂತು. ಹಳದಿ ಬಣ್ಣದ ಒಂದು ಮಾತ್ರೆ, ಅಂಚು ಸ್ವಲ್ಪ ಕರಗಿದೆ, ಕೂದಲು ಅಂಟಿದೆ. ಹಾಸಿಗೆ ಪೂರ್ತಿ ಸರಿಸಿದರೆ ಇನ್ನೊಂದು. ಡಾಕ್ಟರಿಗೆ ಫೋನ್ ಮಾಡಿದೆ, ನಕ್ಕು, ಇನ್ನೆರಡು ದಿನ ಕೊಟ್ಟುಬಿಡಿ ಅಂದರು.

ನಮ್ಮ ಮನೆಯವರು ಆ ತಿಂಗಳಲ್ಲಿ ಎರಡು ದಿನ ಊರಲ್ಲಿ ಇರಲಿಲ್ಲ. ಮಗಳು ನೋಟ್‌ಬುಕ್ ತಂದು ನನ್ನ ಮುಂದೆ ಬಿಚ್ಚಿಟ್ಟಳು, ಬಾಯಿಂದ ಒಂದು ಮಾತೂ ಆಡಲಿಲ್ಲ. ‘ಮಾತ್ರೆ ಕೊಟ್ಟವರು’ ಅನ್ನುವ ಕಾಲಮ್ಮಿನಲ್ಲಿ ಇಪ್ಪತ್ತಾರು ಕಡೆ ‘ಅಪ್ಪ’ ಅಂತ ಇತ್ತು.